ನಾಯಿಯನ್ನು ಹಾಡಿ ಅತ್ತವರು

ನನ್ನ ನಾಯಿಗೆ ಯಾದಗಿರಿಯಲ್ಲಿ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಪದ್ಧತಿ ಪ್ರಕಾರ. ವೃದ್ಧಾಶ್ರಮಕ್ಕೆ ವಾರವಾರ ಹೋಗಿ ಅಲ್ಲಿಯ ಮುದುಕ ಮುದುಕಿಯರ ಜೊತೆ ಕೂತು ಬರುತ್ತಿದ್ದ ನಾಯಿ. ಯಾರೋ ತೆಗೆದ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಕೊನೆಗೆ ಒಂದು ಸಂಘದವರ ಕಣ್ಣಿಗೆ ಬಿದ್ದಿತ್ತು. ಅಧ್ಯಕ್ಷರು ತಡವಾಗಿ ಬಂದರು. ಬಂದವರು ನಾಯಿಯ ನಿಯತ್ತಿನ ಬಗ್ಗೆ ಉದ್ದ ಭಾಷಣ ಮಾಡಿ, ಈಗಿನ ಮನುಷ್ಯರಿಗೆ ಆ ನಿಯತ್ತು ಎಲ್ಲಿದೆ ಎಂದು ಕೇಳಿದರು. ಕಾಲಿನ ಬಳಿಯೇ ಮಲಗಿದ್ದ ನಾಯಿಯನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ, ಕಚ್ಚೀತೆಂಬ ಭಯವಿತ್ತೋ ಏನೋ. ಶಾಲನ್ನು ದೂರದಿಂದಲೇ ಬೆನ್ನ ಮೇಲೆ ಎಸೆದರು. ನಾಯಿ ಮೈ ಜಾಡಿಸಿ ಅದನ್ನು ಕೆಡವಿತು, ಹಾರದ ಸೇವಂತಿಗೆ ಹೂವೊಂದನ್ನು ತಿಂದು ನೋಡಿ ಉಗುಳಿತು. ಜನ ನಕ್ಕು ಚಪ್ಪಾಳೆ ಹೊಡೆದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಊಟಕ್ಕೂ ನಿಲ್ಲದೆ ತಮ್ಮನ ಗಾಡಿ ಹತ್ತಿ ಶಹಾಪುರಕ್ಕೆ ಬಂದುಬಿಟ್ಟೆ.

ಇನ್ನು ಮುಂದೆ ಅವನನ್ನು 'ಅದು' ಎಂದು ಬರೆಯಲು ನನ್ನಿಂದಾಗದು. 'ಅವನು' ಎಂದೇ ಬರೆಯುತ್ತೇನೆ. ವ್ಯಾಕರಣ ಕಲಿಸಿಯೇ ಪಿಂಚಣಿ ತೆಗೆದುಕೊಳ್ಳುವವಳು ನಾನು, ಯಾರೂ ತಿದ್ದುವುದು ಬೇಡ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ 'ಅಕ್ಕೋರು' ಎನ್ನುತ್ತಾರೆ. ಶಹಾಪುರದಲ್ಲಿ ಅರ್ಧ ಊರಿಗೆ ನಾನು ಅಕ್ಕೋರು. ಮದುವೆ ಆಗಲಿಲ್ಲ. ನಿವೃತ್ತಿಯಾದ ಮೇಲೆ ಒಬ್ಬಳೇ ಇರುತ್ತೇನೆಂದು ಸುರಪುರದ ಹಳೆಯ ವಿದ್ಯಾರ್ಥಿಯೊಬ್ಬ ಮರಿಯೊಂದನ್ನು ತಂದುಕೊಟ್ಟ. ಅವರ ಮನೆಯದು ಬೇಟೆ ನಾಯಿಯ ತಳಿ, ಅಜ್ಜ ಮುತ್ತಜ್ಜರ ಕಾಲದಲ್ಲಿ ಗುಡ್ಡದ ಮೇಲೆ ಮೊಲ ಅಟ್ಟಿದ ವಂಶ. "ಮನಿ ಕಾಯ್ತಾನ್ರಿ ಅಕ್ಕೋರ, ನೀವು ನಿಶ್ಚಿಂತಿ ಮಲ್ಕೋರಿ" ಎಂದಿದ್ದ. ಬೆಳೆದ ಮೇಲೆ ನೋಡಿದರೆ ಇವನು ಯಾರಿಗೂ ಬೊಗಳುವವನಲ್ಲ. ಕಳ್ಳ ಬಂದರೆ ತಿಜೋರಿ ಎಲ್ಲಿದೆ ಎಂದು ತೋರಿಸಿ, ಬಾಗಿಲ ತನಕ ಕಳಿಸಿ ಬರುವ ಪೈಕಿ.

ವೃದ್ಧಾಶ್ರಮ ಇರುವುದು ಸುರಪುರ ರಸ್ತೆಯಲ್ಲಿ, ಹತ್ತಿ ಮಿಲ್ಲು ದಾಟಿದ ಮೇಲೆ. ನಿವೃತ್ತ ಶಿಕ್ಷಕರೆಲ್ಲ ಸೇರಿ ಅಲ್ಲಿಗೆ ಬಾಳೆಹಣ್ಣು ಹಂಚಲು ಹೋದ ದಿನ ಇವನೂ ಗಾಡಿ ಹತ್ತಿ ಕೂತ, ಇಳಿ ಎಂದರೆ ಇಳಿಯಲಿಲ್ಲ. ನಾವು ಹಣ್ಣು ಕೊಟ್ಟೆವು, ಕೈ ಮುಗಿದೆವು, ಫೋಟೊ ತೆಗೆಸಿಕೊಂಡೆವು. ಅವರು ಹಣ್ಣು ಇಸಿದುಕೊಂಡು ಸುಮ್ಮನೆ ಕೂತರು. ಇವನು ಮಾತ್ರ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಒಬ್ಬೊಬ್ಬರ ಬಳಿಯೂ ನಿಂತು, ತೊಡೆಯ ಮೇಲೆ ಗದ್ದ ಇಟ್ಟು, ಅವರು ತಲೆ ಮುಟ್ಟುವ ತನಕ ಕದಲಲಿಲ್ಲ. ಮುಟ್ಟಿದ ಮೇಲೆ ಮುಂದಿನವರು. ಅಲ್ಲಿಯವರಿಗೆ ಊಟ, ಔಷಧಿ, ಹಾಸಿಗೆ ಎಲ್ಲ ಇತ್ತು, ಮುಟ್ಟುವವರು ಇರಲಿಲ್ಲ. ಅದು ನನಗೆ ಅವತ್ತು ತಿಳಿಯಿತು. ಅಂದಿನಿಂದ ಗುರುವಾರ ಗುರುವಾರ ಹೋಗತೊಡಗಿದೆವು.

ನಾನಿಟ್ಟ ಹೆಸರು ಅಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಒಬ್ಬೊಬ್ಬರು ತಮಗೆ ಬೇಕಾದವರ ಹೆಸರಿನಿಂದ ಕರೆದರು, ಎಲ್ಲದಕ್ಕೂ ಬಾಲ ಅಲ್ಲಾಡಿಸುತ್ತಿದ್ದ. ಅವರೆಲ್ಲರೊಳಗೆ ಅವನಿಗೆ ಹೆಚ್ಚು ಸಲಿಗೆ ಕೊಡೇಕಲ್ ಕಡೆಯ ಒಬ್ಬ ಮುದುಕಿಯ ಜೊತೆ. ಎಲ್ಲರೂ ಆಕೆಯನ್ನು ಕೊಡೇಕಲ್ ಆಯಿ ಎನ್ನುತ್ತಿದ್ದರು. ಬೆಳಗಿನ ರೊಟ್ಟಿಯಲ್ಲಿ ಅರ್ಧ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಅವನಿಗಾಗಿ ಕಾಯುತ್ತಿದ್ದಳು. ಮಕ್ಕಳಿಲ್ಲ. ಗಂಡ ಬಹಳ ಹಿಂದೆಯೇ ಹೋದ. ಆದರೆ ಆಕೆಯ ಸೀಮೆಯಲ್ಲಿ ಆಕೆಯನ್ನು ಕರೆಯದ ಸಾವಿನ ಮನೆ ಇರಲಿಲ್ಲ, ಯಾಕೆಂದರೆ ಆಕೆ ಹಾಡಿ ಅಳುವವಳು.

ನಮ್ಮ ಕಡೆ ಹೆಣದ ಮುಂದೆ ಕೂತು ಹೆಂಗಸರು ಬರೀ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು ಉಟ್ಟದ್ದು, ಯಾರಿಗೆ ಏನು ಮಾಡಿದರು ಎಂಬುದು, ಎಲ್ಲ ಆ ಹಾಡಿನಲ್ಲಿ ಬರಬೇಕು. ಅಷ್ಟೇ ಅಲ್ಲ, ಮುಂಚೆ ಸತ್ತವರಿಗೆ ಇವರ ಕೈಯಲ್ಲಿ ಖಬರ್ ಹೇಳಿ ಕಳಿಸಬೇಕು. ನಮ್ಮವ್ವಗ ಹಿಂಗ ಹೇಳು, ನನ್ನ ಕೂಸಿಗೆ ಹಂಗ ಹೇಳು ಎಂದು. ಒಬ್ಬರು ಹಾಡು ಎತ್ತಿಕೊಡಬೇಕು, ಉಳಿದವರು ಕೊರಳಿಗೆ ಬಿದ್ದು ದನಿಗೂಡಿಸಬೇಕು. ಆಯಿ ಎತ್ತಿಕೊಡುವವಳಾಗಿದ್ದಳು. ಆಕೆ ಕೂತರೆ ಕಲ್ಲೂ ಅಳುತ್ತಿತ್ತಂತೆ. ಹಾಗೆಂದು ಹೇಳಿದವಳೂ ಆಕೆಯೇ, ಅದು ಬೇರೆ ಮಾತು.

ಆಶ್ರಮದಲ್ಲಿ ಆ ವಿದ್ಯೆಗೆ ಕೆಲಸವಿರಲಿಲ್ಲ. ಅಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರಿಗೆ ಹೇಳುತ್ತಿರಲಿಲ್ಲ. ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೆಣ ಸಾಗಿಸಿ, ಚಹಾದ ಹೊತ್ತಿಗೆ "ಮಗ ಬಂದು ಕರ್ಕೊಂಡು ಹೋದ" ಎನ್ನುತ್ತಿದ್ದರು. ವಾರ್ಡನ್ ಕೆಟ್ಟವಳಲ್ಲ. ಆಕೆಯೇ ಒಮ್ಮೆ ನನಗೆ ಹೇಳಿದ್ದಳು: "ಒಬ್ರು ಹೋದ್ರು ಅಂತ ಗೊತ್ತಾದ್ರ ಉಳದವ್ರು ವಾರಗಟ್ಲೆ ಉಣ್ಣಂಗಿಲ್ರಿ ಅಕ್ಕೋರ. ನನಗ ಸತ್ತವರಕಿಂತ ಇದ್ದವರ ಚಿಂತಿ."

ಆಯಿಯ ಪಕ್ಕದ ಮಂಚದಲ್ಲಿ ಬೋನಾಳದ ಹೆಂಗಸೊಬ್ಬಳಿದ್ದಳು. ಒಂದು ಗುರುವಾರ ಹೋದಾಗ ಆ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಮಗಳ ಮನೆಗೆ ಹೋಗಿದ್ದಾಳೆ ಎಂದರು. ಆಯಿ ನಾಯಿಯ ಕಿವಿ ಎತ್ತಿ ಹಿಡಿದು, ಅದರೊಳಗೆ ಮಾತಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಬೋನಾಳದಾಕಿ ಮಗಳ ಮನಿಗೆ ಹೋಗ್ಯಾಳಂತಪಾ. ಆಕಿಗೆ ಮಗಳು ಯಾವಾಗ ಹುಟ್ಟಿದ್ಲೋ ಯಾರಿಗೆ ಗೊತ್ತು. ಚಾಳೀಸ ಇಲ್ಲೇ ಬಿಟ್ಟು ಹೋಗ್ಯಾಳ, ಅದು ಇಲ್ಲದ ಆಕಿಗೆ ಬಾಗಿಲಾ ಕಾಣಂಗಿಲ್ಲ. ನಾಳೆ ನನಗೂ ಒಬ್ಬ ಮಗ ಬರ್ತಾನ, ನಾ ಹಡೀಲಾರದ ಮಗ. ಊರ ಮಂದಿಗೆಲ್ಲ ಹಾಡಿ ಅತ್ತೀನಿ. ನನಗ ಯಾರೂ ಹಾಡಂಗಿಲ್ಲ. ಹಾಡಿ ಅಳಲಾರದ ಸಾವು ನಾಯಿ ಸಾವಪಾ." ಹಾಗೆಂದವಳು ಅವನ ತಲೆ ಸವರಿ, "ನಿನಗ ಅಂದಿಲ್ಲ, ಸಿಟ್ಟಾಗಬ್ಯಾಡ" ಎಂದಳು. ಬೋನಾಳದಾಕೆಯ ಆ ಕನ್ನಡಕ ಆಯಿಯ ದಿಂಬಿನ ಕೆಳಗಿತ್ತು.

ಸನ್ಮಾನವಾದ ಮಳೆಗಾಲದಲ್ಲೇ ಅವನಿಗೆ ಉಣ್ಣಿ ಜ್ವರ ಬಂತು. ಯಾದಗಿರಿಯ ಡಾಕ್ಟರು ಸಲೈನ್ ಹಚ್ಚಿದರು, ಸೂಜಿ ಮಾಡಿದರು, ಮೂತ್ರಪಿಂಡಕ್ಕೇ ಪೆಟ್ಟು ಬಿದ್ದಿದೆ ಎಂದರು. ಅಷ್ಟು ಉದ್ದ ಕಾಲಿನವನನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಳಕ್ಕೂ ಒಳಕ್ಕೂ ತಿರುಗಿದೆ. ಒಂದು ಮಧ್ಯಾಹ್ನ ಹಿತ್ತಲ ಬೇವಿನ ಮರದ ಕೆಳಗೆ, ನನ್ನ ಕೈ ಮೇಲೆ ತಲೆ ಇಟ್ಟುಕೊಂಡೇ ಹೋದ. ನನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ತಮ್ಮ ತನ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ.

ಮನುಷ್ಯರು ಸತ್ತಿದ್ದರೆ ಓಣಿಯವರು ಮಾತಾಡಿಸಲು ಬರುತ್ತಿದ್ದರು, ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದು ಒತ್ತಾಯ ಮಾಡಿ ಉಣಿಸುತ್ತಿದ್ದರು. ನನ್ನ ಮನೆಗೆ ಯಾರೂ ಬರಲಿಲ್ಲ. ಎದುರು ಮನೆಯವಳು ಕಾಂಪೌಂಡಿನಿಂದಲೇ "ನಾಯಿಗೆ ಇಷ್ಟ್ಯಾಕ ಹಚ್ಚಿಕೊಂಡೀರಿ ಅಕ್ಕೋರ, ಮತ್ತೊಂದು ಮರಿ ತಂದ್ರಾತು" ಎಂದಳು. ಸಂಘದವರು ಫೋನು ಮಾಡಿ ಶ್ರದ್ಧಾಂಜಲಿ ಹಾಕಲು ಶಾಲು ಹೊದ್ದ ಫೋಟೊ ಇದೆಯೇ ಎಂದು ಕೇಳಿದರು. ಫೋನು ಇಟ್ಟುಬಿಟ್ಟೆ. ಒಬ್ಬಳೇ ಅತ್ತೆ. ಅಳುವುದು ಅಕ್ಕಪಕ್ಕದವರಿಗೆ ಕೇಳಿದರೆ ನಕ್ಕಾರು ಎಂದು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ.

ಗುರುವಾರ ಬಂತು. ಹೋಗದೆ ಇರಲಾಗಲಿಲ್ಲ. ಗೇಟಿನಲ್ಲೇ ವಾರ್ಡನ್ ನನ್ನ ಕೈ ಹಿಡಿದಳು. ಆಕೆಗೆ ಫೋನಿನಲ್ಲಿ ತಿಳಿಸಿದ್ದೆ.

"ಅವರಿಗೆ ಹೇಳಬ್ಯಾಡ್ರಿ ಅಕ್ಕೋರ. ಸುರಪುರಕ್ಕ ಕಳಿಸೇನಿ ಅನ್ರಿ. ಅಲ್ಲಿ ಹೊಲ ಅದ, ಓಡ್ಯಾಡ್ಕೊಂಡು ಆರಾಮ ಅದಾನ ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆಗಲಿ ಎಂದೆ. ಹಾಗೆಯೇ ಹೇಳಬೇಕೆಂದುಕೊಂಡೇ ಪಡಸಾಲೆ ಹತ್ತಿದೆ. ಎಲ್ಲರೂ ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಯಿ ಸೆರಗಿನ ಗಂಟು ಬಿಚ್ಚುತ್ತ ನನ್ನ ಹಿಂದೆ ನೋಡಿದಳು, ಗೇಟಿನ ಕಡೆ ನೋಡಿದಳು. "ಎಲ್ಲಿ ಅದಾನ?" ಎಂದಳು. ಮಗಳ ಮನೆಗೆ ಹೋಗಿದ್ದಾಳೆ ಎಂದ ಹಾಗೆ ಸುರಪುರಕ್ಕೆ ಹೋಗಿದ್ದಾನೆ ಎನ್ನಬೇಕಿತ್ತು. ನನ್ನಿಂದಾಗಲಿಲ್ಲ.

"ಅವ ಸತ್ತ ಹೋದ ಆಯಿ," ಎಂದೆ.

ಆಯಿ ರೊಟ್ಟಿಯನ್ನು ಮತ್ತೆ ಸೆರಗಿಗೆ ಕಟ್ಟಿದಳು. ಆಮೇಲೆ, ಸಾವಿನ ಮನೆಗೆ ಬಂದವರು ಕೇಳುವ ಹಾಗೆ, ಒಂದೊಂದೇ ಕೇಳಿದಳು.

"ಭಾಳ ತ್ರಾಸ ಆತೇನು ಅವಗ?"

"ಕಡೀಕ ಆಗಲಿಲ್ಲ."

"ಬಾಯಾಗ ನೀರ ಬಿಟ್ರಿ?"

"ಬಿಟ್ಟೆ."

"ಯಾರ್ಯಾರು ಅತ್ರಿ?"

"ನಾ ಒಬ್ಬಾಕೇ."

"ಒಬ್ಬಾಕಿ ಅತ್ರ ಅದು ಅಳು ಅಲ್ಲ ಅಕ್ಕೋರ," ಎಂದಳು. ಕುರ್ಚಿಯಿಂದ ಗೋಡೆ ಹಿಡಿದು ಕೆಳಗಿಳಿದು ನೆಲಕ್ಕೆ ಕೂತಳು. ನನ್ನ ಕೈ ಜಗ್ಗಿ ಕೂರಿಸಿ, ಕೊರಳ ಸುತ್ತ ತೋಳು ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಎತ್ತಿದಳು. ಆ ಒಣ ಎದೆಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ.

"ಜಾತಿ ಕೇಳಲಿಲ್ಲ, ಹೆಸರ ಕೇಳಲಿಲ್ಲ ನನ್ನ ಸರದಾರಾ,
ಎಲ್ಲಾರ ತೊಡಿ ಮ್ಯಾಲ ತಲಿ ಇಟ್ಟಿ ನನ್ನ ಸರದಾರಾ,
ಅರ್ಧ ರೊಟ್ಟಿಗೆ ಹಬ್ಬ ಮಾಡಿದಿ ನನ್ನ ಸರದಾರಾ,
ಯಾರೂ ಮುಟ್ಟದ ಕೈಯ ನೆಕ್ಕಿದಿ ನನ್ನ ಸರದಾರಾ."

ಮೊದಲು ಒಬ್ಬಳು ಇಳಿದು ಬಂದಳು, ಆಮೇಲೆ ಇನ್ನೊಬ್ಬಳು. ಕಡೆಗೆ ಹೆಂಗಸರೆಲ್ಲ ನೆಲದ ಮೇಲೆ ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಕೂತಿದ್ದರು. ಕಡೇಚೂರಿನ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದ ಮುದುಕ ಗೋಡೆಗೆ ಮುಖ ಮಾಡಿ ಟವೆಲ್ಲು ಕಣ್ಣಿಗೆ ಒತ್ತಿಕೊಂಡ. ನಾನೂ ಅತ್ತೆ, ಈ ಸಲ ಬಾಯಿ ತೆರೆದು, ದನಿ ತೆಗೆದು. ನನ್ನ ನಾಯಿಗೆ ಆದ ಸನ್ಮಾನ ಅದೊಂದೇ ಎಂದು ನಾನು ತಿಳಿದಿದ್ದೇನೆ.

ಗುಣ ಹಾಡಿ ಮುಗಿದ ಮೇಲೆ ಖಬರ್ ಕಳಿಸಬೇಕಲ್ಲ. ಆಯಿ ದನಿ ಇಳಿಸಿದಳು.

"ಬೋನಾಳದಾಕಿ ಸಿಕ್ಕರ ಕೇಳಪ್ಪ ನನ್ನ ಸರದಾರಾ,
ಮಗಳ ಮನಿ ಹ್ಯಾಂಗದ ಅಂತ ಕೇಳಪ್ಪ ನನ್ನ ಸರದಾರಾ,
ಚಾಳೀಸ ನನ್ನ ಕಡೆ ಅದ, ಹೇಳಪ್ಪ ನನ್ನ ಸರದಾರಾ."

ಆಕೆ ನಿಲ್ಲಿಸಿದ ಕೂಡಲೇ ಪಕ್ಕದವಳು ಎತ್ತಿಕೊಂಡಳು. ಮಗ ಬಂದು ಕಾರಿನಲ್ಲಿ ಕರೆದುಕೊಂಡು ಹೋದನೆಂದು ಹೇಳಲಾಗಿದ್ದ ಒಬ್ಬಳಿಗೆ ಆಕೆ ಖಬರ್ ಕಳಿಸಿದಳು. ಇನ್ನೊಬ್ಬಳು ತಮ್ಮನ ಊರಿಗೆ ಹೋದನೆಂಬ ಮುದುಕನಿಗೆ ಕಳಿಸಿದಳು. ಹಿಂದಿನ ಬಾಗಿಲಿನಿಂದ ಹೋದವರು ಒಬ್ಬೊಬ್ಬರಾಗಿ ಹಾಡಿನಲ್ಲಿ ಬಂದರು, ಒಬ್ಬರೂ ಬಿಟ್ಟುಹೋಗಿರಲಿಲ್ಲ. ಇವರಿಗೆ ಎಲ್ಲ ಗೊತ್ತಿತ್ತು. ವಾರ್ಡನ್‌ಗೆ ಬೇಸರವಾದೀತೆಂದು ಇಷ್ಟು ದಿನ ನಂಬಿದ ಹಾಗೆ ಇದ್ದರು.

ವಾರ್ಡನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಯಿ ತಲೆ ಎತ್ತಿ ಆಕೆಯನ್ನು ನೋಡಿ, ಹಾಡು ಬಿಟ್ಟು ಬರೀ ಮಾತಿನಲ್ಲಿ ಕೇಳಿದಳು: "ಬೋನಾಳದಾಕಿ ಯಾವಾಗ ಹೋದ್ಲವಾ?"

"ಶಿವರಾತ್ರಿ ಮರುದಿನ, ನಸುಕಿನ್ಯಾಗ" ಎಂದಳು ವಾರ್ಡನ್.

"ಬಾಯಾಗ ನೀರು?"

"ನಾನ ಬಿಟ್ಟೆ ಆಯಿ."

"ಅತ್ತಿಯೇನು?"

ವಾರ್ಡನ್ ಬಂದು ನೆಲಕ್ಕೆ ಕೂತಳು. ಆಯಿ ನನ್ನ ಕೊರಳಿನಿಂದ ಕೈ ತೆಗೆದು ಆಕೆಯ ಕೊರಳಿಗೆ ಹಾಕಿದಳು. ಇಷ್ಟು ವರ್ಷ ಎಲ್ಲರ ಸಾವನ್ನೂ ಒಬ್ಬಳೇ ನುಂಗಿಕೊಂಡವಳು ಆಕೆ. ಅವಳು ಅತ್ತದ್ದನ್ನು ನಾನು ಬರೆಯಲಾರೆ. ಅವತ್ತು ಊಟ ತಡವಾಯಿತು, ಆದರೆ ಎಲ್ಲರೂ ಹೊಟ್ಟೆ ತುಂಬ ಉಂಡರಂತೆ. ಆಮೇಲೆ ಅಲ್ಲಿ ಯಾರನ್ನೂ ಹಿಂದಿನ ಬಾಗಿಲಿನಿಂದ ಒಯ್ದಿಲ್ಲ.

ನಾನು ಈಗಲೂ ಗುರುವಾರ ಹೋಗುತ್ತೇನೆ, ಒಬ್ಬಳೇ. ಬೇರೆ ನಾಯಿ ತನ್ನಿ ಎಂದು ಅಲ್ಲಿ ಯಾರೂ ಕೇಳಿಲ್ಲ. ಆಯಿ ಈಗ ಮಂಚದಿಂದ ಏಳುವುದು ಕಡಿಮೆ. ಒಂದು ದಿನ ನನ್ನನ್ನು ಹತ್ತಿರ ಕರೆದು, "ಇವರಿಗ್ಯಾರಿಗೂ ಎತ್ತಿಕೊಡೋ ಹದ ಗೊತ್ತಿಲ್ಲ. ನೀವು ಕಲತಾಕಿ ಅದೀರಿ, ನನ್ನದು ನೀವ ಹಾಡ್ರಿ" ಎಂದಳು. ತಮಾಷೆ ಎಂದುಕೊಂಡೆ. ಆಕೆ ತಮಾಷೆ ಮಾಡುತ್ತಿರಲಿಲ್ಲ.

"ನನ್ನ ಗುಣ ಏನೇನ ಅದಾವ ಹೇಳ್ರಿ ನೋಡೋಣ," ಎಂದಳು.

ಯೋಚಿಸಿದೆ. "ನಾಯಿ ಅಂದ್ರ ಜೀವ ಇತ್ತು ನಿನಗ," ಎಂದೆ.

"ಅಷ್ಟ?" ಎಂದಳು.

ಅಷ್ಟೇ. ವರ್ಷಗಟ್ಟಲೆ ಆಕೆಯ ಮಗ್ಗುಲಲ್ಲಿ ಕೂತು ನಾಯಿಯನ್ನು ನೋಡಿಕೊಂಡು ಬಂದಿದ್ದೆ, ಆಕೆಯನ್ನು ಏನೂ ಕೇಳಿರಲಿಲ್ಲ. ಈಗ ಆಕೆ ಹೇಳುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಹುಟ್ಟಿದ ಊರು, ಕಳೆ ತೆಗೆದ ಹೊಲಗಳು, ಗಂಡನ ಜೊತೆಗಿನ ಜಗಳ, ಆಕೆ ಹಾಲು ಕುಡಿಸಿ ಉಳಿಸಿದ ಬೇರೆಯವರ ತಬ್ಬಲಿ ಎಮ್ಮೆ ಕರು. ಆಮೇಲೆ ನಾನು ಅದನ್ನು ಹಾಡಿ ತೋರಿಸಬೇಕು. ಬದುಕಿರುವವಳ ಮುಖ ನೋಡಿಕೊಂಡು 'ಹೋದೆಯಲ್ಲವ್ವಾ' ಎಂದು ಹಾಡುವುದು ಎಷ್ಟು ಕಷ್ಟವೆಂದು ನನಗೊಬ್ಬಳಿಗೇ ಗೊತ್ತು. ನಡುವೆಯೇ ನಿಲ್ಲಿಸಿಬಿಡುತ್ತೇನೆ. ಹೋದ ವಾರವೂ ಹಾಗೇ ಆಯಿತು. ಆಯಿ ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಹತ್ತಿರಬೇಕೆಂದು ಏಳಲು ಹೋದೆ. ಕಣ್ಣು ತೆರೆಯದೆ ನನ್ನ ಕೈ ಹಿಡಿದಳು.

"ಜರಾ ಜಲ್ದಿ ಕಲೀರಿ ಅಕ್ಕೋರ," ಎಂದಳು.