ಸಾವಕ್ಕ ಬಿಟ್ಟು ನಡೆದ ಬುತ್ತಿ

ಸಾಮಾನು ಇದ್ದಲ್ಲಿ ಸಾವಕ್ಕ ಇರಬೇಕು ಎಂಬುದು ಆ ಮನೆಯ ಕಾಯಿದೆ. ಮುಗದದಿಂದ ಕೇಶ್ವಾಪುರದ ಕಾಳುಕಡಿ ಅಂಗಡಿಯವರ ಮನೆಗೆ ಹಿರಿಯ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಎಲ್ಲರೂ ಚಹಾಕ್ಕೆಂದು ಎದ್ದು ಹೋದರು. ಅವಳೊಬ್ಬಳು ಗಂಟುಮೂಟೆಗಳ ಮೇಲೆ ಕೈಯಿಟ್ಟು ಕುಳಿತಳು. ಪಕ್ಕದವರ ಪೆಟ್ಟಿಗೆ ಕಳುವಾಯಿತು, ಇವರದು ಉಳಿಯಿತು. "ಸಾವಕ್ಕನ ಕೈಯಾಗ ಕೊಟ್ಟದ್ದು ಎಲ್ಲೂ ಹೋಗಂಗಿಲ್ಲ ನೋಡ್ರಿ" ಎಂದು ಮಾವ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದ. ಹಾಳು ಹೊಗಳಿಕೆ! ಬೈದಿದ್ದರೆ ಮರುದಿನ ಮರೆತುಹೋಗುತ್ತಿತ್ತು. ಹೊಗಳಿದ್ದರಿಂದ ಜನ್ಮಕ್ಕೆ ಅಂಟಿಕೊಂಡಿತು.

ಅಲ್ಲಿಂದ ಶುರುವಾಯಿತು. ಮಠಕ್ಕೆ ಹೋದರೆ ಚಪ್ಪಲಿ ಕಾಯಲು ಸಾವಕ್ಕ, ಉಣಕಲ್ ಕೆರೆಯ ದಂಡೆಗೆ ಹೋದರೆ ಡಬ್ಬಿ ಕಾಯಲು ಸಾವಕ್ಕ. ಸ್ವಂತ ತಂಗಿಯ ಮದುವೆಯಲ್ಲಿ ಬಂಗಾರದ ಪೆಟ್ಟಿಗೆಯಿದ್ದ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಳು. ವಧೂವರರ ತಲೆಗೆ ಅಕ್ಕಿಕಾಳು ಬಿದ್ದದ್ದು ಗೊತ್ತಾದದ್ದು ಬಾಜಾದ ಸದ್ದು ಏರಿದಾಗಲೇ. ತಂಗಿ ಆಗ ಅತ್ತಳೋ ನಕ್ಕಳೋ ಇವಳು ಕಾಣಲಿಲ್ಲ. ಆ ಸಿಟ್ಟನ್ನು ಯಾರ ಮೇಲೂ ಹಾಕದೆ ನುಂಗಿಕೊಂಡಳು. ಆದರೆ ನುಂಗಿದ ಸಿಟ್ಟೇನು ರೊಟ್ಟಿಯೇ, ಅರಗಿಹೋಗಲು?

ಈ ವರ್ಷ ಎಳ್ಳ ಅಮಾವಾಸ್ಯೆಗೆ ಮೈದುನ ಶಶಿಕಾಂತ ಹೊಸದೊಂದು ಹೂಟ ಹೂಡಿದ. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಬುತ್ತಿಯ ಚರಗ ಚೆಲ್ಲಿ, ಬದುವಿನ ಮೇಲೆ ಎಲ್ಲರೂ ಕೂತು ಉಣ್ಣುವುದು ಪದ್ಧತಿ. ಇವರ ಹೊಲ ಈಗ ಬೇರೆಯವರ ಉಳುಮೆಯಲ್ಲಿದೆ.

"ಈ ಸಲ ಬುತ್ತಿ ಸಮುದ್ರಕ್ಕ ಒಯ್ಯೂಣು. ಅಮಾಸಿಗಿ ಹೆಂಗೂ ಅಂಗಡಿ ಬಂದ್" ಎಂದ ಶಶಿಕಾಂತ. "ಗೋಕರ್ಣದ ಆಚೆ ಒಂದು ಕಲ್ಲಗುಡ್ಡ ನೀರಿನೊಳಗ ಚಾಚಿಕೊಂಡೈತಿ. ಉಸುಕಿನ್ಯಾಗ ಸ್ವಲ್ಪ ನಡೀಬೇಕು, ಆಮ್ಯಾಲ ಏರೂದು. ತುದೀಗೆ ನಿಂತ್ರ ಮೂರೂ ಕಡಿ ನೀರೋ ನೀರು. ಮುದುಕರೂ ಏರತಾರಂತ."

ಸಾವಕ್ಕನ ಕಿವಿ ನಿಮಿರಿದ್ದು ಆ 'ಮೂರೂ ಕಡಿ' ಎಂಬ ಮಾತಿಗೆ. ಮುಗದದ ಕೆರೆ ನೋಡಿ ಬೆಳೆದವಳು ಅವಳು. ನೀರೆಂದರೆ ಈಚೆ ಒಂದು ದಂಡೆ, ಆಚೆ ಒಂದು ದಂಡೆ. ಆಚೆ ದಂಡೆಯೇ ಇಲ್ಲದ ನೀರಿನ ನಡುವೆ ಒಮ್ಮೆ ನಿಲ್ಲಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಗಂಡ ಶಿದ್ದಪ್ಪನಿಗೆ ಹೇಳಿದಳು.

"ನಾ ಈ ಸಲ ಸಾಮಾನು ಕಾಯಂಗಿಲ್ರಿ. ಆ ತುದೀತನಕ ನಾನೂ ಬರಾಕಿ."

ಶಿದ್ದಪ್ಪ ಪೇಪರಿನಿಂದ ಕಣ್ಣು ತೆಗೆಯದೆ "ಹೂಂ" ಎಂದ.

ಆ ಹೂಂ ನಂಬಿಕೊಂಡು ಹಿಂದಿನ ದಿನವೆಲ್ಲ ಒಲೆಯ ಮುಂದೆ ಕುಳಿತಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ. ನೆಗೆಣ್ಣಿ, ಶಶಿಕಾಂತನ ಹೆಂಡತಿ ದ್ರಾಕ್ಷಾಯಿಣಿ ಬಂದು ಹೋಳಿಗೆಯ ರುಚಿ ನೋಡಿ, "ಭಾಳ ಛಲೋ ಆಗ್ಯಾವ್ರಿ ಅಕ್ಕಾರ" ಎಂದು ಹೇಳಿ ಹೋದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮನೆಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ಉಂಡ ಬಾಯಿ ಇನ್ನೊಬ್ಬರದು.

ನಸುಕಿನಲ್ಲಿ ಹೊರಟ ಬಾಡಿಗೆ ಗಾಡಿ ಬಿಸಿಲು ಏರುವ ಹೊತ್ತಿಗೆ ಕಡಲ ದಂಡೆ ಮುಟ್ಟಿತು. ಡ್ರೈವರ್ ಗಾಡಿಯಲ್ಲೇ ನಿದ್ದೆಗೆ ಬಿದ್ದ. ನಾಲ್ವರೂ ಬುತ್ತಿ ಹೊತ್ತು ಉಸುಕಿನಲ್ಲಿ ನಡೆದರು. ಗುಡ್ಡದ ಬುಡದಲ್ಲಿ ಬಂಡೆಯ ನೆರಳು, ಅದರಡಿ ತೇವದ ಉಸುಕು.

"ಇಲ್ಲೇ ಇಡ್ರಿ. ಎಷ್ಟು ತಂಪೈತಿ ನೋಡ್ರಿ, ಮೊಸರು ಹುಳಿ ಆಗಂಗಿಲ್ಲ" ಎಂದು ಶಶಿಕಾಂತ ಜಮಖಾನ ಹಾಸಿದ.

ಉಸುಕು ಯಾಕೆ ತೇವವಾಗಿದೆ ಎಂದು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮ ಕಡೆ ನೀರು ಏರಬೇಕಾದರೆ ಮೇಲೆ ಎಲ್ಲಾದರೂ ಮಳೆಯಾಗಬೇಕು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಅಮಾವಾಸ್ಯೆಯ ಕಡಲು ಹೆಚ್ಚು ಉಬ್ಬುತ್ತದೆ ಎಂಬುದು ಕರಾವಳಿಯ ಕೂಸಿಗೂ ಗೊತ್ತು. ಕೇಶ್ವಾಪುರದಲ್ಲಿ ಅಮಾವಾಸ್ಯೆಯೆಂದರೆ ಅಂಗಡಿ ಬಂದ್, ಅಷ್ಟೇ.

ಸಾವಕ್ಕ ಸೆರಗು ಬಿಗಿದುಕೊಂಡು ಗುಡ್ಡದ ಕಡೆ ಹೆಜ್ಜೆ ಇಟ್ಟಳು.

"ಏ, ನೀ ಎಲ್ಲಿಗೆ? ನಾಯಿ ಬಂದ್ರ ಯಾರು ನೋಡಾವ್ರು? ಇಲ್ಲೇ ಕುಂದ್ರು" ಎಂದ ಶಿದ್ದಪ್ಪ.

"ಮನ್ಯಾಗ ಹೇಳಿದ್ದೆನಲ್ರಿ ನಾ!"

"ಏನ್ ಹೇಳಿದ್ದಿ?"

ಅವನು ನಾಟಕ ಮಾಡುತ್ತಿರಲಿಲ್ಲ. ಖರೇನೇ ನೆನಪಿರಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಕೇಳಿಸಿಕೊಂಡೇ ಇಲ್ಲದವನ ಹತ್ತಿರ ಏನಂತ ಜಗಳವಾಡುವುದು? "ವೈನಿ ಅದಾರಲ್ಲ, ಚಿಂತಿಲ್ಲ" ಎನ್ನುತ್ತ ಶಶಿಕಾಂತ ಮುಂದಾದ. ದ್ರಾಕ್ಷಾಯಿಣಿ ತನ್ನ ವ್ಯಾನಿಟಿ ಬ್ಯಾಗನ್ನೂ ಸಾವಕ್ಕನ ತೊಡೆಯ ಮೇಲೆ ಇಟ್ಟು ಹೋದಳು.

ಅವರ ನಗು ಗುಡ್ಡದ ಮೇಲಿಂದ ಕೇಳುತ್ತಿತ್ತು. ಸಾವಕ್ಕ ಬುತ್ತಿಯ ಗಂಟನ್ನೇ ನೋಡುತ್ತ ಕುಳಿತಳು. ನೋಡಿದಷ್ಟೂ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಮಾವ ಸತ್ತು ಎಷ್ಟೋ ಕಾಲವಾಯಿತು, ಅವನ ಹೊಗಳಿಕೆಗೆ ಮಾತ್ರ ಸಾವಿಲ್ಲ. ಈ ರೊಟ್ಟಿಗೆ ಹಿಟ್ಟು ನಾದಿದವಳೂ ನಾನು, ಬಡಿದವಳೂ ನಾನು, ಕಾಯುವ ನಾಯಿಯೂ ನಾನೇ ಏನು?

ವ್ಯಾನಿಟಿ ಬ್ಯಾಗನ್ನು ಜಮಖಾನದ ಮೇಲೆ ಒಗೆದಳು. ಗಂಟಿನ ಮೇಲೆ ಒಂದು ಕಲ್ಲು ಹೇರಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಗುಡ್ಡ ಏರತೊಡಗಿದಳು.

ಏರುವುದೇನು ಬಂತು, ಮನೆಯ ಮಾಳಿಗೆಯ ಮೆಟ್ಟಿಲು ಇದಕ್ಕಿಂತ ಕಡಿದಾಗಿವೆ. ಜನ ನಡೆದು ನಡೆದು ಸವೆದ ಹಾದಿ, ಅಲ್ಲಲ್ಲಿ ಕರಿ ಬಂಡೆ. ಉಬ್ಬಸವೂ ಬರಲಿಲ್ಲ. ಮೇಲೆ ಒಂದು ಬಯಲಿನಲ್ಲಿ ಮೂವರೂ ಫೋಟೊ ತೆಗೆಯುತ್ತ ನಿಂತಿದ್ದರು.

"ಅಯ್ಯ ಅಕ್ಕಾರ, ಸಾಮಾನು ಯಾರ ಹತ್ರ ಬಿಟ್ಟ ಬಂದ್ರಿ?" ಎಂದು ದ್ರಾಕ್ಷಾಯಿಣಿ ಗಾಬರಿಯಾದಳು.

ಸಾವಕ್ಕ ಅವರನ್ನು ದಾಟಿ ನಡೆದಳು. ತುದಿ ಇನ್ನೂ ಮುಂದಿತ್ತು. ಅಷ್ಟರಲ್ಲಿ ಅಂಚಿಗೆ ಹೋಗಿ ಇಣುಕಿದ ಶಶಿಕಾಂತ ಕೂಗಿಕೊಂಡ. "ಅಣ್ಣಾ, ನೀರು! ಜಮಖಾನಕ್ಕ ನೀರು ಬಂದೈತಿ!"

"ಲಗೂ ಇಳಿ! ಬುತ್ತಿ ಹೋಗತೈತಿ!" ಎಂದು ಶಿದ್ದಪ್ಪ ಹೆಂಡತಿಯ ಕಡೆ ತಿರುಗಿ ಕೂಗಿದ. ಮೂವರಲ್ಲಿ ಯಾರೂ ಮೊದಲು ಓಡಲಿಲ್ಲ. ಮೂವರೂ ಅವಳ ಕಡೆ ನೋಡಿದರು.

ಸಾವಕ್ಕನ ಕಾಲು ಅರೆಗಳಿಗೆ ತಡೆದವು. ದಿನವೆಲ್ಲ ಕುಳಿತು ಬಡಿದ ರೊಟ್ಟಿ ಅವು. ಆದರೆ ಇಳಿದರೆ ಮತ್ತೆ ಏರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಯಾಕ, ನಿಮಗ ಕಾಲಿಲ್ಲೇನು?" ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಸಮುದ್ರಕ್ಕ ಚರಗ ಚೆಲ್ಲಿದಿವಿ ಅನ್ಕೋರಿ. ಇಲ್ಲಾ ಓಡ್ರಿ. ನಾ ಬರಂಗಿಲ್ಲ!"

ಮೂವರೂ ಬಿದ್ದು ಎದ್ದು ಓಡಿದರು. ಅವಳು ತುದಿಗೆ ನಡೆದಳು.

ಮೂರು ಕಡೆ ನೀರು, ಆಚೆ ದಂಡೆ ಇಲ್ಲ. ಅಲ್ಲಿ ನಿಂತು ಅವಳ ಮನಸ್ಸು ತಣ್ಣಗಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟು ಇಮ್ಮಡಿಯಾಯಿತು. ಇಷ್ಟು ಸುಲಭವಿತ್ತೇ ಇದು? ಇಷ್ಟು ಸಣ್ಣ ಏರನ್ನು ಏರಲು ಬಿಡದೆ ಇವರು ಅವಳನ್ನು ಒಂದು ಆಯುಷ್ಯ ಕೆಳಗೆ ಕೂಡಿಸಿದರೇ? ಅವರು ಕೂಡಿಸಿದರು, ತಾನು ಕುಳಿತಳು. ಅದಕ್ಕೂ ಸಿಟ್ಟು ಬಂತು. ಜೋರಾಗಿ ಅತ್ತಳು. ಗಾಳಿ ಇತ್ತು, ಯಾರಿಗೂ ಕೇಳಲಿಲ್ಲ. ಕಣ್ಣು ಒರೆಸಿಕೊಂಡು, ಸಾಕೆನಿಸುವವರೆಗೆ ನೋಡಿದಳು.

ಇಳಿದು ಬಂದಾಗ ಮೂವರೂ ಮೊಣಕಾಲವರೆಗೆ ತೊಯ್ದು ಮೇಲಿನ ಒಣ ಉಸುಕಿನಲ್ಲಿ ಕುಳಿತಿದ್ದರು. ಜಮಖಾನ ಸಿಕ್ಕಿತ್ತು, ವ್ಯಾನಿಟಿ ಬ್ಯಾಗೂ ಸಿಕ್ಕಿತ್ತು. ರೊಟ್ಟಿಯೆಲ್ಲ ಉಪ್ಪುನೀರು ಕುಡಿದು ಮುದ್ದೆಯಾಗಿದ್ದವು. 

"ಇನ್ನ ಊಟಕ್ಕ ಏನ್ ಮಾಡೂದ್ರಿ ಅಕ್ಕಾರ?" ಎಂದು ದ್ರಾಕ್ಷಾಯಿಣಿ ಕೇಳಿದಳು. ಈ ಉಸುಕಿನಲ್ಲೇ ಒಲೆ ಹೂಡಿ ಸಾವಕ್ಕ ಏನಾದರೂ ಬೇಯಿಸಿ ಕೊಟ್ಟಾಳು ಎಂಬಂತೆ ಮೂವರ ಮುಖವೂ ಅವಳ ಕಡೆಗೇ ಇತ್ತು.

ಸಾವಕ್ಕ ಅವರೆದುರು ಒಣ ಜಾಗ ನೋಡಿಕೊಂಡು ಕಾಲು ಚಾಚಿ ಕುಳಿತಳು.

"ನನಗೂ ಹಸಿವಿ ಆಗೇತಿ" ಎಂದಳು. "ಮದುವ್ಯಾಗಿ ಬಂದಾಗಿಂದ ನಾನ ಹಾಕೇನಿ. ಇವತ್ತ ಎದ್ದು ಹೋಗಿ, ಎಲ್ಲಿಂದರ ತಂದು, ನನಗ ಯಾರರ ಉಣ್ಣಾಕ ಹಾಕ್ರಿ."