ಓನರ್ ತಾತನ ಒಂದೇ ಡೈಲಾಗು

ಮೊನ್ನೆ ಸಿಡ್ನಿಯ ಗಿರಾವೀನ್‌ನ ಔಷಧಿ ಅಂಗಡಿಯಲ್ಲಿ ಕೋಲ್ಡ್ ಕ್ರೀಮಿನ ಡಬ್ಬಿ ತೆರೆದು ಮೂಸಿದೆ. ಮಗಳ ಶಾಲೆಯಲ್ಲಿ ನಾಟಕ. ಮುಖದ ಬಣ್ಣ ತೆಗೆಯಲು ಬೇಕೆಂದು ಹೆಂಡತಿ ಹೇಳಿದ್ದಳು. ಆಫೀಸಿನಿಂದ ದಣಿದು ಬಂದಿದ್ದೆ. ಆ ವಾಸನೆಗೆ ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗ್‌ನ ಒಂದು ಅಡುಗೆಮನೆ ಕಣ್ಣೆದುರು ಬಂತು...

ಮೆಲ್ಬರ್ನ್‌ಗೆ ಓದಲು ಬಂದ ಹೊಸತರಲ್ಲಿ ಆ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾಲೀಕರು ಎಂಬತ್ತು ದಾಟಿದ ಅಮೆರಿಕನ್. ನಾನು ಮನಸ್ಸಿನಲ್ಲೇ ಅವರನ್ನು ಓನರ್ ತಾತ ಎನ್ನುತ್ತಿದ್ದೆ. ದಿನಾ ಸಂಜೆ ಅವರು ಮುಖಕ್ಕೆ ಕೋಲ್ಡ್ ಕ್ರೀಮ್ ತಿಕ್ಕಿ, ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದರು. ಒರೆಸಲು ಏನೂ ಇರುತ್ತಿರಲಿಲ್ಲ.

ಹರೆಯದಲ್ಲಿ ಅವರು ಹಾಲಿವುಡ್ಡಿನ ಒಂದು ಸ್ಟುಡಿಯೋದಲ್ಲಿ ಏಳು ವರ್ಷದ ಕರಾರಿನ ಮೇಲೆ ನಟರಾಗಿದ್ದರು. ಕೊಟ್ಟ ಪಾತ್ರ ಮಾಡಬೇಕು, ಅಷ್ಟೆ. ಬಾಗಿಲು ತೆರೆಯುವ ಪೊಲೀಸ, ಹೋಟೆಲಿನ ಗುಮಾಸ್ತ, ಮೊದಲ ಗುಂಡಿಗೇ ಬೀಳುವ ಸೈನಿಕ. ಕರಾರು ಮುಂದುವರಿಯಲಿಲ್ಲ. ಯಾವುದೋ ಶೂಟಿಂಗಿಗೆಂದು ಆಸ್ಟ್ರೇಲಿಯಾಕ್ಕೆ ಬಂದವರು, ಮೇಕಪ್ ಮಾಡುತ್ತಿದ್ದ ಇಲ್ಲಿಯ ಹೆಂಗಸನ್ನು ಮದುವೆಯಾಗಿ ಇಲ್ಲೇ ಉಳಿದು, ಫ್ಯಾಕ್ಟರಿಯಲ್ಲಿ ದುಡಿದು ಮುದುಕರಾದರು. ನಾನು ಹೋಗುವ ಹೊತ್ತಿಗೆ ಆಕೆ ತೀರಿಕೊಂಡು ವರ್ಷಗಳಾಗಿದ್ದವು.

ಒಂದು ಭಾನುವಾರ ಮಧ್ಯಾಹ್ನ, ವೇರ್‌ಹೌಸ್ ಶಿಫ್ಟ್ ಮುಗಿಸಿ ಮಲಗಿದ್ದವನನ್ನು ಎಬ್ಬಿಸಿದರು. ಟಿವಿಯಲ್ಲಿ ಅವರು ನಟಿಸಿದ್ದ ಹಳೆಯ ಸಿನಿಮಾ. ಮೈಗೆಲ್ಲ ಕಂದು ಬಣ್ಣ, ತಲೆಗೆ ಮುಂಡಾಸು. ಭಾರತದ ಯಾವುದೋ ಕಾಡಿನಲ್ಲಿ ಬಿಳಿ ದೊರೆಯೊಬ್ಬನ ಆಳು. ದೊರೆ ಹೊರಡುವಾಗ ಅಡ್ಡ ಬಂದು ‘ಜಾಲಾ ಮಕೂಂ ಬರಾಯಾ’ ಎಂದು ಕೂಗುತ್ತಾರೆ. ಏಳು ವರ್ಷಗಳಲ್ಲಿ ಕ್ಯಾಮೆರಾ ಅವರ ಮುಖದ ಹತ್ತಿರ ಬಂದದ್ದು ಅದೊಂದೇ ಸಲ. ಇದು ನಿಮ್ಮ ಕಡೆಯ ಭಾಷೆಯೇ, ಏನು ಅರ್ಥ ಎಂದು ಕೇಳಿದರು. ಇಷ್ಟು ವರ್ಷ ಯಾರನ್ನಾದರೂ ಕೇಳಲು ನಾಚಿಕೆಯಾಗಿತ್ತಂತೆ.

ಅದು ಯಾವ ಭಾಷೆಯೂ ಅಲ್ಲ. ನನಗೆ ನಗು ಬರಬೇಕಿತ್ತು, ಇಲ್ಲವೇ ಸಿಟ್ಟು. ಎರಡಕ್ಕೂ ತ್ರಾಣವಿರಲಿಲ್ಲ. ಟಿವಿಯನ್ನೇ ನೋಡುತ್ತ ಕೊಂಚ ಹೊತ್ತು ಯೋಚಿಸಿ, ‘ಅಲ್ಲಿಗೆ ಹೋಗಬೇಡಿ, ಧಣಿ’ ಅಂತ ಅರ್ಥ ಎಂದುಬಿಟ್ಟೆ.

ಮಾರನೆಯ ದಿನದಿಂದ ಶುರುವಾಯಿತು. ನಾನು ಕೆಲಸಕ್ಕೆ ಹೊರಟಾಗೆಲ್ಲ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಅದೇ ಮಾತು. ಹೋಗಲೇಬೇಕಲ್ಲ ಎಂದು ನಾನು ತೋಳಿನಡಿ ನುಸುಳುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು...

ಒಂದು ಸಂಜೆ ಇಂಡಿಯನ್ ಅಂಗಡಿಗೆ ಹೋದಾಗ, ಅದನ್ನು ನಡೆಸುತ್ತಿದ್ದ ದಾವಣಗೆರೆಯ ಆಂಟಿ ಹೇಳಿದರು: “ನಿಮ್ ಓನರ್ ಬಂದಿದ್ರಪ್ಪ. ಏನೋ ಅಂದು, ಇದು ಹಿಂದೀನಾ, ನಿಮ್ ಭಾಷೆನಾ ಅಂತ ಕೇಳಿದ್ರು. ಯಾವ್ದೂ ಅಲ್ಲ ಅಂದ್ಬಿಟ್ಟೆ. ಮುಖ ಸಣ್ಣ ಮಾಡ್ಕೊಂಡು ಹೋದ್ರು.”

ಮನೆಗೆ ಬಂದಾಗ ಅವರು ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತಿದ್ದರು. ಆಂಟಿಯ ಅಂಗಡಿಗೆ ಹೋಗಿದ್ದೆ ಎಂದೆ. ಅವರೇ ಮೆಲ್ಲಗೆ ಅಂದರು: “ಅವತ್ತೇ ಅನುಮಾನ ಬಂದಿತ್ತು. ಉತ್ತರ ಕೊಡೋಕೆ ನೀನು ಬಹಳ ಹೊತ್ತು ತಗೊಂಡೆ. ಆದ್ರೂ, ಅದಕ್ಕೊಂದು ಅರ್ಥ ಇದ್ದಷ್ಟು ದಿನ ಚೆನ್ನಾಗಿತ್ತು.”

ಮಾತು ಬಿಡಲಿಲ್ಲ ಅವರು. ಆ ಸಾಲನ್ನು ಮಾತ್ರ ಮತ್ತೆ ಹೇಳಲಿಲ್ಲ. ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಹೊರಟ ಬೆಳಿಗ್ಗೆ ಬಾಗಿಲಲ್ಲಿ ಬೇಕೆಂದೇ ಒಂದು ಗಳಿಗೆ ನಿಂತೆ. ಅವರು ನನ್ನ ಸೂಟ್‌ಕೇಸನ್ನು ಟ್ಯಾಕ್ಸಿಯ ತನಕ ಎಳೆದು ತಂದು, ಕೈಕುಲುಕಿ ಒಳಗೆ ಹೋದರು.

ಮ್ಯಾಕ್ವೆರಿ ಪಾರ್ಕಿನ ಆಫೀಸು, ಮಾರ್ಟ್‌ಗೇಜ್, ಮಗು... ಫೋನ್ ಮಾಡಬೇಕು ಅಂದುಕೊಳ್ಳುವುದರಲ್ಲೇ ನಾಲ್ಕು ವರ್ಷ ಕಳೆಯಿತು. ಒಂದು ದಿನ ಆ ಆಂಟಿಯೇ ಫೋನ್ ಮಾಡಿ, ತಾತ ಹೋಗಿ ಎರಡು ತಿಂಗಳಾಯಿತು, ಮನೆ ಮಾರಾಟಕ್ಕಿದೆ ಎಂದರು. ನಾನು ಮೀಟಿಂಗಿನಲ್ಲಿದ್ದೆ. ಆಮೇಲೆ ಮಾಡ್ತೀನಿ ಎಂದು ಫೋನಿಟ್ಟೆ.

ಸುಳ್ಳು ಹೇಳಿದ್ದಕ್ಕೆ ಈಗ ನನಗೆ ಅಷ್ಟೇನೂ ಸಂಕಟವಿಲ್ಲ. ಅದು ಹೊರಬಿದ್ದ ಸಂಜೆ ಅವರೆದುರು ಕೂತು ತಪ್ಪಾಯಿತು ಎನ್ನದೆ, ಬೆಳಿಗ್ಗೆ ಶಿಫ್ಟ್ ಇದೆ ಎಂದು ಎದ್ದು ಕೋಣೆಗೆ ಹೋಗಿ ಮಲಗಿದೆನಲ್ಲ... ಸಂಕಟ ಅದಕ್ಕೆ. ಅದನ್ನು ಹೇಳೋಣವೆಂದರೆ ಈಗ ಅವರಿಲ್ಲ.