ಶಿವನಂಜಯ್ಯನವರ ಹದಿನಾರು ಸ್ಕ್ರೂ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಶಿವನಂಜಯ್ಯನವರ ಟೈರ್ ಅಂಗಡಿ ಇದೆ. ವಯಸ್ಸು ಐವತ್ತೆಂಟು, ಓದಿದ್ದು ಏಳನೇ ತರಗತಿ. ಓದಿನ ವಿಷಯ ಎತ್ತಿದ್ದು ಅನುಕಂಪಕ್ಕಲ್ಲ. ಅವರ ಹೆಸರು ಕೆಡಿಸಿದವರು ಅದನ್ನೇ ಹಿಡಿದು ಆಡಿದ್ದರಿಂದ ಹೇಳಬೇಕಾಗಿದೆ.

ಮೂವತ್ತು ವರ್ಷ ಅವರು ಸತ್ತೇಗಾಲದ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳ ಟೈರು ನೋಡಿಕೊಂಡವರು. ಕೆಸರಿನಲ್ಲಿ ಹಿಡಿತ ಸಿಗಲೆಂದು ಚಾಲಕರು ಗಾಳಿ ಇಳಿಸುತ್ತಾರೆ. ಗಾಳಿ ಇಳಿದಾಗ ಟೈರಿನ ಅಂಚು ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಎಂಜಿನ್ ಒಮ್ಮೆಲೇ ಎಳೆದರೆ ರಿಮ್ ಮುಂದೆ ತಿರುಗುತ್ತದೆ, ಟೈರ್ ಜಾರಿ ಹಿಂದುಳಿಯುತ್ತದೆ, ಒಳಗಿನ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಅದಕ್ಕೆ ಅವರು ರಿಮ್ಮಿನ ಅಂಚಿನಲ್ಲಿ ಸುತ್ತ ತೂತು ಕೊರೆದು ಸ್ಕ್ರೂ ಹಾಕುತ್ತಾರೆ. ಅದು ಟೈರಿನ ದಪ್ಪ ಅಂಚನ್ನು ಕಚ್ಚಬೇಕು, ಟ್ಯೂಬನ್ನು ಮುಟ್ಟಬಾರದು. ಆಮೇಲೆ ರಿಮ್ಮಿನಿಂದ ಟೈರಿಗೆ ಒಂದು ಬಿಳಿ ಗೆರೆ ಎಳೆಯುತ್ತಾರೆ. ಗೆರೆ ತುಂಡಾಗಿ ಕಂಡರೆ ಟೈರ್ ಜಾರಿದೆ ಎಂದರ್ಥ.

ಕೊಳ್ಳೇಗಾಲದ ಸೀರೆ ವ್ಯಾಪಾರಿಯ ಮಗ ಉಮೇಶನಿಗೆ ಡ್ರ್ಯಾಗ್ ರೇಸಿನ ಹುಚ್ಚು. ನೇರ ದಾರಿಯಲ್ಲಿ ಕಾಲು ಮೈಲಿ ಯಾರು ಬೇಗ ಓಡಿಸುತ್ತಾರೆ ಎಂಬ ಪಂದ್ಯ ಅದು. ಅಲ್ಲಿಯೂ ಹಿಡಿತಕ್ಕಾಗಿ ಗಾಳಿ ಇಳಿಸುತ್ತಾರೆ, ಅಲ್ಲಿಯೂ ಟೈರು ಜಾರುತ್ತದೆ. ಎರಡು ಸಲ ಟ್ಯೂಬ್ ಹರಿದ ಮೇಲೆ ಅವನು ಶಿವನಂಜಯ್ಯನವರನ್ನು ಹುಡುಕಿಕೊಂಡು ಬಂದ. ಅವರು ಹಿಂದಿನ ಒಂದೊಂದು ಚಕ್ರಕ್ಕೆ ಒಳಬದಿಗೆ ಎಂಟು, ಹೊರಬದಿಗೆ ಎಂಟು, ಒಟ್ಟು ಹದಿನಾರು ಸ್ಕ್ರೂ ಹಾಕಿಕೊಟ್ಟರು. ಮುಂದಿನ ಎರಡು ಪಂದ್ಯದಲ್ಲಿ ಬಿಳಿ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೂರನೆಯದರಲ್ಲಿ ಟೈರ್ ಜಾರಿತು. ಕಾರು ಗಿರಕಿ ಹೊಡೆದು ತಡೆಗೋಡೆಗೆ ಬಡಿಯಿತು. ಉಮೇಶನಿಗೆ ಪೆಟ್ಟಾಗಲಿಲ್ಲ. ಮರುದಿನವೇ ಅವನು ವಿಡಿಯೊ ಹಾಕಿದ. ಏಳನೇ ಕ್ಲಾಸಿನ ಪಂಚರ್ ಅಂಗಡಿಯವನನ್ನು ನಂಬಿ ಜೀವ ಕಳೆದುಕೊಳ್ಳುತ್ತಿದ್ದೆ ಎಂದು ಹೇಳಿ, ಅಂಗಡಿಯ ಬೋರ್ಡನ್ನೂ ತೋರಿಸಿದ. ವಾರದೊಳಗೆ ಕಬ್ಬಿನ ಟ್ರ್ಯಾಕ್ಟರುಗಳು ಅಂಗಡಿಯ ಮುಂದೆ ನಿಲ್ಲದೆ ಹೋಗತೊಡಗಿದವು.

ಮಗಳು ಯಶೋದ ಆ ವಿಡಿಯೊ ತೋರಿಸಿದಾಗ ಶಿವನಂಜಯ್ಯನವರು ಅಂಗಡಿಯ ಬಾಗಿಲು ಹಾಕಿದರು. ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಉಮೇಶನ ಮನೆಗೆ ಹೋದರು. ಚಕ್ರ ತೋರಿಸೆಂದರು. ಚಕ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಹೊರಬದಿಯನ್ನು ಬೀಗದ ಕೈಯಿಂದ ಕೆರೆದರು. ಬಣ್ಣದಡಿಯಿಂದ ತೂತಿಗೆ ಮೆತ್ತಿದ ಪುಟ್ಟಿ ಉದುರಿತು.

"ಒಳ್ಗಡೆ ಎಂಟೈತೆ. ಇನ್ನೆಂಟು ಎಲ್ಲಪ್ಪ?"

ಫೋಟೊದಲ್ಲಿ ಗುಜರಿ ಗಾಡಿಯ ಹಾಗೆ ಕಾಣುತ್ತಿತ್ತು, ಮೂರನೇ ಪಂದ್ಯಕ್ಕೆ ಮುಂಚೆ ಬಣ್ಣದವರಿಗೆ ಹೇಳಿ ತೆಗೆಸಿದೆ, ಒಂದು ಕಡೆ ಇದ್ದರೆ ಸಾಕೆಂದುಕೊಂಡೆ ಎಂದ ಉಮೇಶ್.

"ಒಂದ್ ಕಾಲ್ಗೆ ಚಪ್ಲಿ ಆಕಂಡು ಮದ್ವೆಗೆ ಓಯ್ತೀಯಾ ನೀನು?"

ಉಮೇಶ್ ಅಲ್ಲೇ ವಿಡಿಯೊ ಅಳಿಸಿಹಾಕಿ, ಮುಗಿಯಿತಲ್ಲ ಅಣ್ಣ ಎಂದ. ಎಂಥ ಮಾತು! ನಾಲ್ಕು ಜನರ ಮುಂದೆ ಒಬ್ಬರ ಮುಖಕ್ಕೆ ಮಸಿ ಬಳಿದು, ಕೋಣೆಯೊಳಗೆ ತನ್ನ ಕೈ ತೊಳೆದುಕೊಂಡರೆ ಮುಗಿಯಿತೇ? ಅವನಿಗೆ ಎಂಜಿನಿಯರಿಂಗ್ ಪದವಿ ಇದೆ. ಸ್ಕ್ರೂ ಯಾಕಿದೆ ಎಂದು ಯೋಚಿಸಲು ಅದು ಸಾಲದಾಯಿತು.

ತಿಂಗಳಾದ ಮೇಲೆ ಹೊಸ ಟೈರು ಹೊತ್ತುಕೊಂಡು ಅವನೇ ಅಂಗಡಿಗೆ ಬಂದ. ಮೈಸೂರಿನಲ್ಲಿ ಯಾರೂ ಈ ಕೆಲಸ ಅಷ್ಟು ನೇರ್ಪಾಗಿ ಮಾಡಿರಲಿಲ್ಲ.

"ಅವತ್ತು ಯಾವ್ ಬಾಯ್ನಲ್ಲಿ ಅಂದ್ಯೋ ಅದ್ರಲ್ಲೇ ಅನ್ನು," ಎಂದರು ಶಿವನಂಜಯ್ಯನವರು. "ಆಮೇಲೆ ಡ್ರಿಲ್ ಮುಟ್ತೀನಿ."

ಯಶೋದ ಉಮೇಶನ ಫೋನನ್ನೇ ಹಿಡಿದು ನಿಂತಳು. ಅವನು ಏನೋ ತಪ್ಪು ತಿಳಿವಳಿಕೆ ಆಯಿತು ಎಂದು ಶುರುಮಾಡಿದ. ಅವಳು ನಿಲ್ಲಿಸಿದಳು.

"ತಿಳಿವಳ್ಕೆ ಸರಿಯಾಗೇ ಇತ್ತಲ್ಲಣ್ಣ. ಸ್ಕ್ರೂ ಕೀಳಿಸ್ದೋನು ನಾನೇ ಅಂತ ಏಳಿ."

ಮೂರನೆಯ ಸಲಕ್ಕೆ ಹಾಗೇ ಹೇಳಿ, ವಿಡಿಯೊ ಹಾಕಿದ. ಶಿವನಂಜಯ್ಯನವರು ಹದಿನಾರೂ ಸ್ಕ್ರೂ ಹಾಕಿ, ಗೆರೆ ಎಳೆದು ಕಳಿಸಿದರು.

ಮೊದಲ ವಿಡಿಯೊವನ್ನು ನೋಡಿದವರು ನಲವತ್ತು ಸಾವಿರ ಜನ. ತಪ್ಪೊಪ್ಪಿಕೊಂಡದ್ದನ್ನು ನೋಡಿದವರು ಮುನ್ನೂರೂ ಇಲ್ಲ. ಸತ್ತೇಗಾಲದ ಕೆಲವರು ಮರಳಿ ಬಂದಿದ್ದಾರೆ. ಬಾರದವರನ್ನು ಕೇಳಿ ನೋಡಿದೆ. ಏನೋ ವಿಡಿಯೊ ಬಂದಿತ್ತಲ್ಲ, ಎನ್ನುತ್ತಾರೆ. ಯಾವುದು ಎಂದರೆ, ಮೊದಲನೆಯದೇ.